ಹದಿನಾಲ್ಕು ತಟ್ಟೆಗಳ ನಾಮಕರಣ

ಬೆಳಿಗ್ಗೆ ಎದ್ದವನೇ ಎಲಿಯೇಸರ್ ಕಿಲಿಂದೊ ಮೂರು ಸಲ ಜ್ವರ ನೋಡಿಕೊಂಡ. ಮೂರು ಸಲವೂ ಪಾದರಸ ಮೂವತ್ತಾರೂವರೆಗೆ ಬಂದು ನಿಂತಿತು. ನಾಲ್ಕನೆಯ ಸಲ ಬಿಸಿ ಕಾಫಿ ಕುಡಿದು ಬಾಯಲ್ಲಿಟ್ಟುಕೊಂಡ, ಮೂವತ್ತೆಂಟು ಬಂತು. ಒಂದು ಕ್ಷಣ ನಿಜವಾಗಿಯೂ ಸಂತೋಷವಾಯಿತು. ಆಮೇಲೆ, ಬೇಕಾದ ಉತ್ತರ ಬರಲಿ ಅಂತ ಅಳತೆಯನ್ನು ತಿದ್ದಬೇಡಿ ಎಂದು ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಬೋಧಿಸುತ್ತ ಬಂದ ಮಹಾನುಭಾವ ತಾನೇ ಎಂಬುದು ನೆನಪಾಗಿ, ಥರ್ಮಾಮೀಟರನ್ನು ಜಾಡಿಸಿ ಡಬ್ಬಿಗೆ ಹಾಕಿದ. ಈ ದೇಹಕ್ಕೂ ಬುದ್ಧಿಯಿಲ್ಲ. ಬೇಡದಾಗೆಲ್ಲ ನೆಗಡಿ, ಕೆಮ್ಮು, ಸೊಂಟನೋವು. ಈವತ್ತು, ನವೆಂಬರಿನ ಕೊನೆಯ ಶುಕ್ರವಾರ, ಮಲಗಲೇಬೇಕಾಗಿದ್ದ ದಿನ, ಕಲ್ಲುಗುಂಡಿನ ಹಾಗೆ ಗಟ್ಟಿ. ಶರ್ಟು ಹಾಕಿಕೊಂಡು ಜೇಬು ಮುಟ್ಟಿ ನೋಡಿದ. ಮಡಿಸಿಟ್ಟ ಚಿತ್ರ ಅಲ್ಲೇ ಇತ್ತು. ನಿನ್ನೆ ಮಧ್ಯಾಹ್ನದಿಂದ ಅದನ್ನು ಎಷ್ಟು ಸಲ ಬಿಡಿಸಿ ನೋಡಿದ್ದನೆಂದರೆ ಮಡಿಕೆಯಲ್ಲಿ ಕಾಗದ ಹರಿಯಲು ಶುರುವಾಗಿತ್ತು.

ಅವನ ತರಗತಿಯ ಹದಿನಾಲ್ಕು ಮಕ್ಕಳು ಹದಿನಾಲ್ಕು ಕಡೆಯಿಂದ ಮಣ್ಣು ತಂದಿದ್ದರು. ಪೊಪಾಯಾನ್ ಪಟ್ಟಣದ ಯಾವ ಮೂಲೆಯನ್ನೂ ಬಿಟ್ಟಿರಲಿಲ್ಲ. ಫುಟ್‌ಬಾಲ್ ಮೈದಾನದ ಮಣ್ಣು, ಕೋಳಿಗೂಡಿನ ಮಣ್ಣು, ಒಬ್ಬ ಪುಣ್ಯಾತ್ಮ ತನ್ನ ಚಿಕ್ಕಪ್ಪನ ಗೋರಿಯ ಮಣ್ಣನ್ನೇ ಚಮಚದಲ್ಲಿ ಕೆರೆದು ತಂದಿದ್ದ. ಬ್ಯಾಕ್ಟೀರಿಯಾಗಳನ್ನು ತಿಂದು ಬದುಕುವ ವೈರಸ್ಸು ಎಲ್ಲ ಮಣ್ಣಿನಲ್ಲೂ ಇರುತ್ತದೆ, ಒಂದಿದ್ದ ಹಾಗೆ ಇನ್ನೊಂದಿರುವುದಿಲ್ಲ, ಹುಡುಕಿದವನಿಗೆ ಯಾರೂ ಕಾಣದ ಹೊಸದೇ ಸಿಗಬಹುದು. ಎಲಿಯೇಸರನ ತರಗತಿಯ ತಿರುಳು ಇಷ್ಟೇ. ಮಣ್ಣನ್ನು ಉಪ್ಪುನೀರಿನಲ್ಲಿ ಕದಡಿ, ಸೋಸಿ, ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಗೆ ಹೊಯ್ದರೆ, ಎರಡು ದಿನದಲ್ಲಿ ಆ ಬಿಳಿಯ ಪದರದಲ್ಲಿ ತೂತು ಬೀಳುತ್ತದೆ. ತೂತು ಬಿದ್ದಲ್ಲಿ ವೈರಸ್ಸು ಇದೆ. ಕಂಡುಹಿಡಿದವರು ಅದಕ್ಕೆ ಹೆಸರಿಡಬಹುದು, ಹೆಸರು ರಾಜಧಾನಿಯಲ್ಲಿರುವ ವೈರಸ್ಸುಗಳ ಪಟ್ಟಿಗೆ ಹೋಗುತ್ತದೆ. ಈ ವರ್ಷ ಹದಿನಾಲ್ಕಕ್ಕೆ ಹದಿನಾಲ್ಕೂ ತಟ್ಟೆಯಲ್ಲಿ ತೂತು ಬಿದ್ದಾಗ ಎಲಿಯೇಸರ್ ಕಾಲೇಜಿನ ಅಂಗಳದಲ್ಲಿ ಎಲ್ಲರಿಗೂ ಕಾಫಿ ಕೊಡಿಸಿದ್ದ. ಅಷ್ಟೂ ತೂತುಗಳ ಸುತ್ತ ಒಂದೇ ರೀತಿಯ ಮಸುಕಾದ ಬಳೆಯಿತ್ತು. ಆ ಬಳೆಯನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತ್ತು, ಅನ್ನಿಸಿದ್ದನ್ನು ಕಾಫಿಯ ಜೊತೆ ನುಂಗಿದ್ದ. ನಿನ್ನೆ ವೈರಸ್ಸುಗಳ ಒಳಗಿನ ಡಿಎನ್‌ಎ ಎಳೆಯನ್ನು ಕತ್ತರಿಸಿ ಜೆಲ್ಲಿನಲ್ಲಿ ಓಡಿಸಿದ ಪಟ್ಟೆಗಳ ಚಿತ್ರ ಬಂತು. ಬೇರೆ ಬೇರೆ ವೈರಸ್ಸಾದರೆ ಪಟ್ಟೆ ಬೇರೆ ಬೇರೆ ಬರಬೇಕು. ಹದಿನಾಲ್ಕು ಸಾಲೂ ಒಂದೇ. ಹದಿನೈದನೆಯ ಸಾಲಿನಲ್ಲಿ, ಯಾಕೋ ಮನಸ್ಸು ತಡೆಯದೆ, ತಾನು ವಿದ್ಯಾರ್ಥಿಯಾಗಿದ್ದಾಗ ಹಿಡಿದು ಇವತ್ತಿಗೂ ಫ್ರಿಜ್ಜಿನಲ್ಲಿ ಇಟ್ಟುಕೊಂಡಿರುವ ಹಳೆಯ ವೈರಸ್ಸನ್ನು ಹಾಕಿದ್ದ. ಅದೂ ಅದೇ. ಮಕ್ಕಳು ಮೂರೂವರೆ ತಿಂಗಳು ಬೆವರು ಸುರಿಸಿ ಕಂಡುಹಿಡಿದದ್ದು ಅವನ ಫ್ರಿಜ್ಜನ್ನು.

ಮನೆಯಿಂದ ಕಾಲೇಜಿಗೆ ಹನ್ನೆರಡು ನಿಮಿಷದ ದಾರಿ. ಬಿಳಿಯ ಗೋಡೆಗಳ ಮೇಲೆ ಬಿಸಿಲು ಆಗಲೇ ಕಣ್ಣು ಚುಚ್ಚುತ್ತಿತ್ತು. ಹೇಳಬೇಕಾದ ಮಾತನ್ನು ಹೆಜ್ಜೆಗೊಂದು ಸಲ ಹೊಸದಾಗಿ ಕಟ್ಟುತ್ತ ನಡೆದ. 'ಮಕ್ಕಳೇ, ವಿಜ್ಞಾನದಲ್ಲಿ ಸೋಲೂ ಒಂದು ಗೆಲುವು.' ಥೂ. 'ಮಕ್ಕಳೇ, ಒಂದು ಸಣ್ಣ ಎಡವಟ್ಟು.' ಸಣ್ಣದಂತೆ! 'ನಮ್ಮಿಂದ ಒಂದು ತಪ್ಪಾಗಿದೆ.' ಈ 'ನಮ್ಮಿಂದ' ಅನ್ನುವ ಪದ ಎಷ್ಟು ಅನುಕೂಲ. ತಪ್ಪು ಮಾಡಿದವನು ಅದರೊಳಗೆ ಹದಿನಾಲ್ಕು ಮಕ್ಕಳನ್ನೂ ಕೂರಿಸಿಕೊಂಡು ಆರಾಮಾಗಿ ಹೋಗಬಹುದು. ತಪ್ಪು ನಡೆದದ್ದು ಆಗಸ್ಟಿನ ಮೊದಲ ತರಗತಿಯಲ್ಲಿ. ತೂತು ಅಂದರೆ ಹೇಗಿರುತ್ತದೆ ಎಂದು ತೋರಿಸಲು ತನ್ನ ಹಳೆಯ ವೈರಸ್ಸಿನ ಕೊಳವೆ ತೆರೆದು ಹನಿ ಹೀರುವ ಪಿಪೆಟ್ಟನ್ನು ಅದ್ದಿದ್ದ. ಅದ್ದಿದ ಮೇಲೆ ಪಿಪೆಟ್ಟಿನ ಪ್ಲಾಸ್ಟಿಕ್ ತುದಿಯನ್ನು ಎಸೆದು ಹೊಸದು ಹಾಕಬೇಕು. ಇದು ಅಡುಗೆಮನೆಯಲ್ಲಿ ಎಂಜಲು ಸೌಟನ್ನು ಪಾತ್ರೆಗೆ ಹಾಕಬಾರದು ಅನ್ನುವಷ್ಟೇ ಸರಳ. ಆ ತರಗತಿಯಲ್ಲೇ ಅವನು ಅದನ್ನು ಆರು ಸಲ ಹೇಳಿದ್ದ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಆಗ ಅವನು ಬಿಷಪ್ಪರ ಹೇಸರಗತ್ತೆಯ ಕಥೆ ಹೇಳುತ್ತಿದ್ದ. ಹೇಸರಗತ್ತೆ ಚರ್ಚಿನ ಮೆಟ್ಟಿಲು ಹತ್ತುವ ಜಾಗಕ್ಕೆ ಬಂದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು. ಎಷ್ಟೋ ವರ್ಷದ ಮೇಲೆ ಅವನ ಮಾತಿಗೆ ಒಂದು ಕೋಣೆ ನಕ್ಕಿತ್ತು. ಆ ಸುಖದಲ್ಲಿ, ಕೈಯಲ್ಲಿದ್ದ ಪಿಪೆಟ್ಟನ್ನು, ಅದೇ ತುದಿಯ ಸಮೇತ, ವರ್ಷಪೂರ್ತಿ ಎಲ್ಲರೂ ಬಳಸುವ ಉಪ್ಪುನೀರಿನ ದೊಡ್ಡ ಸೀಸೆಗೆ ಅದ್ದಿದ್ದ. ನಿನ್ನೆ ಚಿತ್ರ ನೋಡಿದ ಮೇಲೆ ಆ ಕ್ಷಣ ಕಣ್ಣಿಗೆ ಕಟ್ಟಿದಂತೆ ನೆನಪಾಗಿತ್ತು: ಮಕ್ಕಳ ಹಲ್ಲು, ಹೇಸರಗತ್ತೆ, ಸೀಸೆ.

ಮಣ್ಣು ಹಾಕದೆ ಆ ಸೀಸೆಯ ಬರೀ ಉಪ್ಪುನೀರು ಹೊಯ್ದು ಒಂದು ತಟ್ಟೆ ಮಾಡಿಟ್ಟಿದ್ದರೆ ಮೊದಲ ವಾರವೇ ಗುಟ್ಟು ರಟ್ಟಾಗುತ್ತಿತ್ತು. ಅಂಥ ತಟ್ಟೆಯನ್ನು ಪ್ರತಿ ವಾರ ಅವನೇ ಮಾಡಿ ತರುತ್ತಿದ್ದ. ಪಾಪ, ಮಕ್ಕಳಿಗೆ ಸಮಯ ಸಾಲುವುದಿಲ್ಲ ಎಂದು ತನ್ನ ಒಳಕೋಣೆಯಲ್ಲಿ, ತನ್ನದೇ ಬೇರೆ ಸೀಸೆಯ ನೀರಿನಿಂದ. ಅದು ಪ್ರತಿ ವಾರ ಹಾಲಿನಂತೆ ಶುಭ್ರವಾಗಿರುತ್ತಿತ್ತು. ಅದನ್ನು ಎತ್ತಿ ಹಿಡಿದು, "ನೋಡಿ, ನಮ್ಮ ನೀರು ಗಂಗಾಜಲ" ಅನ್ನುವ ಅರ್ಥದ ಮಾತನ್ನು ಪ್ರತಿ ವಾರ ಆಡಿದ್ದ.

ಕಾಲೇಜಿನ ಗೇಟಿನ ಬಳಿ ಒಬ್ಬ ಮುದುಕಿ ಕಪ್ಪು ಶಾಲು ಹೊದ್ದು, ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದ ತಮಾಲೆ ಕಡುಬುಗಳ ದೊಡ್ಡ ಪಾತ್ರೆಯನ್ನು ಕಾಲ ಬಳಿ ಇಟ್ಟುಕೊಂಡು ನಿಂತಿದ್ದಳು. ಎರ್ಮೆಲಿಂದಾ ಅಜ್ಜಿ; ಅವನ ವಿದ್ಯಾರ್ಥಿನಿ ಯುಲಿಯಾನಾ ಚಾಂತ್ರೆಯ ಅಜ್ಜಿ. ಹುಡುಗಿ ಮಣ್ಣು ತಂದದ್ದು ಈಕೆಯ ಜೆರೇನಿಯಂ ಹೂವಿನ ಕುಂಡದಿಂದ, ವೈರಸ್ಸಿಗೆ ಇಡಲಿದ್ದದ್ದು ಈಕೆಯದೇ ಹೆಸರು. ಎಲಿಯೇಸರನಿಗೆ ಹಿಂದಿನ ಬಾಗಿಲು ನೆನಪಾಯಿತು, ಆದರೆ ಅಜ್ಜಿಗೆ ಅವನು ಆಗಲೇ ಕಂಡಿದ್ದ.

"ಮೇಷ್ಟ್ರೇ, ಸ್ವಲ್ಪ ನಿಂತ್ಕೊಳ್ಳಿ. ಈ ನನ್ ಹೆಸ್ರಿನ್ ಹುಳ ಇದ್ಯಲ್ಲ, ಅದು ಒಳ್ಳೇದೋ ಕೆಟ್ಟದ್ದೋ? ಪಾದ್ರಿಗಳು ಕೇಳಿದ್ರು, ನಂಗ್ ಉತ್ತರ ಗೊತ್ತಾಗ್ಲಿಲ್ಲ."

"ಹುಳ ಅಲ್ಲ ಅಜ್ಜಿ, ವೈರಸ್ಸು. ಮನುಷ್ಯರ ತಂಟೆಗೆ ಬರಲ್ಲ. ಬ್ಯಾಕ್ಟೀರಿಯಾ ತಿನ್ನುತ್ತೆ ಅಷ್ಟೆ."

"ಪೂರ್ತಿ ತಿನ್ನುತ್ತಾ?"

"ಪೂರ್ತಿ."

"ಹಾಗಾದ್ರೆ ಹೆಸ್ರು ಸರಿಯಾಗೇ ಇದೆ ಬಿಡಿ. ನಾನೂ ತಟ್ಟೇಲಿ ಏನೂ ಬಿಡಲ್ಲ." ಅಜ್ಜಿ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಗಂಭೀರವಾಗಿ, "ಎಂಟು ಹೆತ್ತಿದ್ದೀನಿ ಮೇಷ್ಟ್ರೇ. ಮೊಮ್ಮಕ್ಳು ಹತ್ತೊಂಬತ್ತು. ಒಂದಕ್ಕಾದ್ರೂ ನನ್ ಹೆಸ್ರು ಇಡ್ತಾರಾ ಅಂತ ಕಾದೆ. ಎರ್ಮೆಲಿಂದಾ ಅಂದ್ರೆ ಹಳೇ ಪಾತ್ರೆ ಸದ್ದು ಮಾಡ್ದಂಗಿದೆಯಂತೆ. ಈಗ್ನೋಡಿ! ಅದು ಎಷ್ಟ್ ವರ್ಷ ಬದ್ಕುತ್ತೆ?"

"ಫ್ರಿಜ್ಜಲ್ಲಿಟ್ರೆ ಮೂವತ್ತು, ನಲವತ್ತು..."

"ಅಯ್ಯೋ ನನ್ನವ್ವ! ನನಗಿಂತ ಗಟ್ಟಿ." ಪಾತ್ರೆಯನ್ನು ಅವನ ಕೈಗೆ ಕೊಟ್ಟಳು. "ಹಿಡ್ಕೊಳಿ. ಭಾರ ಇದೆ, ಎರಡೂ ಕೈಲಿ."

ಎರಡೂ ಕೈಯಲ್ಲಿ ಪಾತ್ರೆ ಹಿಡಿದು ಮೆಟ್ಟಿಲು ಹತ್ತುವಾಗ ಬಾಳೆಲೆಯ ಬಿಸಿ ವಾಸನೆ ಮೂಗಿಗೆ ಹೊಡೆದು ಹಸಿವಾಯಿತು. ಇಂಥ ಹೊತ್ತಿನಲ್ಲೂ ಹಸಿವಾಗುವ ತನ್ನ ಹೊಟ್ಟೆಯ ಬಗ್ಗೆ ಅವನಿಗೆ ನಾಚಿಕೆಯಾಯಿತು. ಈ ನಾಮಕರಣದ ಹಬ್ಬವನ್ನು ಹುಟ್ಟುಹಾಕಿದವನೂ ಅವನೇ. ಚರ್ಚಿನಲ್ಲಿ ಮಗುವಿಗೆ ಜ್ಞಾನಸ್ನಾನ ಕೊಡಿಸಿ ಹೆಸರಿಡುವ ಹಾಗೆ, ಪ್ರತಿ ವೈರಸ್ಸಿಗೂ ಒಬ್ಬ ಜ್ಞಾನತಂದೆ ಅಥವಾ ಜ್ಞಾನತಾಯಿ ಬರಬೇಕು, ಮೇಣದ ಬತ್ತಿ ಹಚ್ಚಬೇಕು, ತಿಂಡಿ ತರಬೇಕು. ಶುರುವಿನಲ್ಲಿ ತಮಾಷೆಗೆ ಮಾಡಿದ್ದು; ಈ ಊರಿನಲ್ಲಿ ತಿಂಡಿ, ಮೇಣದ ಬತ್ತಿ, ನೆಂಟರು ಒಂದೆಡೆ ಸೇರಿದರೆ ಯಾವುದೂ ತಮಾಷೆಯಾಗಿ ಉಳಿಯುವುದಿಲ್ಲ. ಡೀನ್‌ಗೆ ಇದೆಲ್ಲ ಕಂಡರಾಗದು. "ಕಪ್ಪೆ ಚಿತ್ರ ಬರೆಸಿದ್ರೆ ಸಾಕಿತ್ತಲ್ಲ ಎಲಿಯೇಸರ್? ಯಾಕೆ ಈ ಜಾತ್ರೆ?" ಎಂದು ವರ್ಷಕ್ಕೊಮ್ಮೆ ಕೇಳುತ್ತಿದ್ದರು. ಒಂದು ಎಡವಟ್ಟು ಸಿಕ್ಕಿದರೆ ಸಾಕು, ತರಗತಿ ಮುಚ್ಚಿ, ಮುಂದಿನ ವರ್ಷದಿಂದ ಮಕ್ಕಳು ಮತ್ತೆ ಕಪ್ಪೆಯ ಹೊಟ್ಟೆಗೆ ಬಣ್ಣ ಹಚ್ಚುತ್ತ ಕೂರಬೇಕು. ಮಧ್ಯಾಹ್ನ ಹನ್ನೆರಡಕ್ಕೆ ಹದಿನಾಲ್ಕು ಹೆಸರಿನ ಪಟ್ಟಿಗೆ ಅವನು ಸಹಿ ಹಾಕಿ ರಾಜಧಾನಿಗೆ ಕಳಿಸಬೇಕು. ಕಳಿಸಿದರೆ ಹದಿನಾಲ್ಕು ಸುಳ್ಳು. ಕಳಿಸದಿದ್ದರೆ ಈ ಅಜ್ಜಿಯ ಮುಖಕ್ಕೆ ಏನು ಹೇಳುವುದು?

ಪ್ರಯೋಗಾಲಯದಲ್ಲಿ ನೂಬಿಯಮ್ಮ ಮೇಜು ಒರೆಸುತ್ತಿದ್ದಳು. ಗಾಜಿನ ಸಾಮಾನು ತೊಳೆಯುವುದು, ತಟ್ಟೆಗೆ ಹೊಯ್ಯುವ ಅಗರ್ ಕಾಯಿಸುವುದು, ಮೇಷ್ಟ್ರುಗಳನ್ನು ಅಂಕೆಯಲ್ಲಿಡುವುದು ಅವಳ ಕೆಲಸ. ಮೂವತ್ತು ವರ್ಷದ ಅನುಭವ. ಒಬ್ಬರಿಗಾದರೂ ಮೊದಲು ಹೇಳಿ ಅಭ್ಯಾಸ ಮಾಡಿಕೊಳ್ಳೋಣ ಎಂದು ಎಲಿಯೇಸರನಿಗೆ ಅನ್ನಿಸಿತು.

"ನೂಬಿಯಮ್ಮಾ..."

"ಏನು ಮೇಷ್ಟ್ರೇ? ಮುಖ ಯಾಕೆ ಹರಳೆಣ್ಣೆ ಕುಡಿದಂಗಿದೆ?"

"ನಿಮಗೊಂದು ಮಾತು ಹೇಳ್ಬೇಕು. ನಿನ್ನೆಯಿಂದ ನಿದ್ದೆ ಇಲ್ಲ. ಹೇಗೆ ಹೇಳ್ಬೇಕು ಅಂತಾನೇ ಗೊತ್ತಾಗ್ತಿಲ್ಲ. ನೀವು ತಪ್ಪು ತಿಳ್ಕೋಬಾರ್ದು..."

ನೂಬಿಯಮ್ಮ ಬಟ್ಟೆ ಕೆಳಗಿಟ್ಟಳು. ಅವನನ್ನು ತಲೆಯಿಂದ ಕಾಲಿನವರೆಗೆ, ಎದೆಗೆ ಒತ್ತಿಕೊಂಡ ತಮಾಲೆ ಪಾತ್ರೆಯ ಸಮೇತ, ಒಮ್ಮೆ ನೋಡಿದಳು. "ಮೇಷ್ಟ್ರೇ, ನನ್ನ ಗಂಡ ಬದುಕಿದ್ದಾರೆ."

"ಅಯ್ಯೋ, ಅದಲ್ಲ..."

"ಅದಲ್ದೆ ಇನ್ನೇನೇ ಆಗ್ಲಿ, ಊಟ ಆದ್ಮೇಲೆ ಹೇಳಿ. ಜನ ಬರ್ತಿದ್ದಾರೆ. ಪಾತ್ರೆ ಅಲ್ಲಿಡಿ."

ಜನ ಬಂದೇ ಬಂದರು. ಕುರ್ಚಿ ಸಾಲದೆ ಗ್ಯಾಸ್ ಸಿಲಿಂಡರಿನ ಮೇಲೂ ಒಬ್ಬರು ಕೂತರು. ಹದಿನಾಲ್ಕು ತಟ್ಟೆಗಳನ್ನು ಬಿಳಿ ಬಟ್ಟೆಯ ಮೇಲೆ ಸಾಲಾಗಿಟ್ಟಿದ್ದರು, ಒಂದೊಂದರ ಮುಂದೆ ಒಂದೊಂದು ಮೇಣದ ಬತ್ತಿ. ಹದಿನಾಲ್ಕು ತಟ್ಟೆಗಳಿಂದ ಸಾವಿರಾರು ತೂತುಗಳು, ಬಳೆ ತೊಟ್ಟುಕೊಂಡು, ಅವನನ್ನೇ ನೋಡುತ್ತಿರುವಂತೆ ಅವನಿಗೆ ಭಾಸವಾಯಿತು. ಮೊದಲನೆಯವನು ದೇಯ್ವರ್, ಕೋಳಿಗೂಡಿನ ಮಣ್ಣಿನವನು. ಅವನ ಮಾವ, ನಗರ ಬಸ್ಸಿನ ಡ್ರೈವರು, ಬತ್ತಿ ಹಚ್ಚಿದ. "ಇದರ ಹೆಸರು ಸಾರ್ಜೆಂಟ್. ಸತ್ತು ಹೋದ ನಮ್ಮ ನಾಯಿ ನೆನಪಿಗೆ" ಅಂದ ದೇಯ್ವರ್. ಚಪ್ಪಾಳೆ. ಈಗ ಹೇಳಬೇಕು, ಎಲಿಯೇಸರ್ ಅಂದುಕೊಂಡ. ಆದರೆ ಸತ್ತ ನಾಯಿಯ ಮುಂದೆ ಹೇಗೆ ಹೇಳುವುದು? ಎರಡನೆಯವಳು ತನ್ನದಕ್ಕೆ ವಿಲ್ಮರ್ ಎಂದು ಹೆಸರಿಟ್ಟಳು. ವಿಲ್ಮರ್ ಅವಳನ್ನು ಬಿಟ್ಟುಹೋದ ಗೆಳೆಯನಂತೆ, ಅವನೂ ಹೋದ ಕಡೆಯೆಲ್ಲ ತೂತು ಮಾಡಿಯೇ ಬರುತ್ತಿದ್ದನಂತೆ. ಕೋಣೆ ಗೊಳ್ಳೆಂದಿತು. ಈ ನಗು ಮುಗಿಯಲಿ, ಆಮೇಲೆ ಹೇಳುತ್ತೇನೆ. ನಗು ಮುಗಿಯಿತು. ಮುಂದಿನದು ಆಗಲಿ. ಹೀಗೆ ಒಂದೊಂದೇ ಬತ್ತಿ ಹೊತ್ತಿಕೊಳ್ಳುತ್ತ ಹೋಯಿತು, ಒಂದೊಂದಕ್ಕೂ ಅವನ ಕೈ ತಾನಾಗಿ ಚಪ್ಪಾಳೆ ತಟ್ಟುತ್ತಿತ್ತು, ಮತ್ತು ಆ ಚಪ್ಪಾಳೆ ಉಳಿದವರದಕ್ಕಿಂತ ಜೋರಾಗಿರುವುದು ಅವನ ಕಿವಿಗೇ ಬೀಳುತ್ತಿತ್ತು. ಚಿಕ್ಕವನಿದ್ದಾಗ ಚರ್ಚಿನ ಪವಿತ್ರ ವಾರದ ಮೆರವಣಿಗೆಯಲ್ಲಿ ಹೀಗೇ ಆಗಿತ್ತು. ಉಚ್ಚೆ ಬಂದಿದೆ ಎಂದು ಅಮ್ಮನಿಗೆ ಹೇಳಲು ಮುಂದಿನ ತಿರುವು ಬರಲಿ, ಮುಂದಿನ ತಿರುವು ಬರಲಿ ಎಂದು ಕಾದು, ಕೊನೆಗೆ ಹೇಳುವ ಅಗತ್ಯವೇ ಇಲ್ಲದಂತಾಗಿತ್ತು. ಅಮ್ಮ ಅಂದು ಬೈದಿರಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಹದಿಮೂರು ಬತ್ತಿ ಹೊತ್ತಿದವು. ಕೊನೆಯದು ಯುಲಿಯಾನಾಳದು. ಮಾತು ಕಡಿಮೆಯ ಹುಡುಗಿ, ಯಾವಾಗಲೂ ಕೊನೆಯ ಮೇಜು. ಎರ್ಮೆಲಿಂದಾ ಅಜ್ಜಿ ಶಾಲು ಸರಿಮಾಡಿಕೊಂಡು ಎದ್ದು ಬಂದು ಕಡ್ಡಿ ಗೀರಿದಳು. ಅದು ಆರಿತು. ಇನ್ನೊಂದು ಗೀರಿದಳು.

"ನಿಲ್ಸಿ!" ಅಂದ ಎಲಿಯೇಸರ್.

ಅಷ್ಟು ಜೋರಾಗಿ ಅನ್ನಬೇಕೆಂದುಕೊಂಡಿರಲಿಲ್ಲ. ಕೋಣೆ ಕೋಣೆಯೇ ತಿರುಗಿ ನೋಡಿತು. ನೂಬಿಯಮ್ಮ ಎಲ್ಲೋ ಬೆಂಕಿ ಹತ್ತಿತೆಂದು ಬಕೆಟ್ಟಿಗೆ ಕೈ ಹಾಕಿದಳು. ಕಟ್ಟಿಕೊಂಡು ಬಂದ ಅಷ್ಟೂ ಮಾತು ಮರೆತುಹೋಗಿ, ಜೇಬಿನಿಂದ ಆ ಹರಿದ ಕಾಗದ ತೆಗೆದು, "ಎಲ್ಲಾ ಒಂದೇ" ಅಂದ. "ಹದಿನಾಲ್ಕೂ ಒಂದೇ ವೈರಸ್ಸು. ನಿಮ್ಮ ಮಣ್ಣಿಂದ ಬಂದದ್ದಲ್ಲ. ನಂದು. ನನ್ನ ಫ್ರಿಜ್ಜಿಂದು. ಮೊದಲನೇ ದಿನ ನಾನೇ ಉಪ್ಪುನೀರಿನ ಸೀಸೆಗೆ ಬೀಳ್ಸಿದ್ದೀನಿ. ಪಿಪೆಟ್ಟಿನ ತುದಿ ಬದಲಾಯಿಸ್ಲಿಲ್ಲ. ಹೇಸರಗತ್ತೆ ಕಥೆ ಹೇಳ್ತಿದ್ದೆ..." ಹೇಸರಗತ್ತೆಯ ವಿಷಯ ಹೇಳಬೇಕಾಗಿರಲಿಲ್ಲ. "ಪಟ್ಟಿ ಕಳಿಸಕ್ಕಾಗಲ್ಲ. ಒಂದು ಹೆಸ್ರೂ ಕಳಿಸಕ್ಕಾಗಲ್ಲ. ತಪ್ಪು ನಮ್ಮ... ನಂದು. ನನ್ನೊಬ್ಬಂದೇ."

ದೇಯ್ವರನ ಬಸ್ ಡ್ರೈವರ್ ಮಾವ ಒಂದು ಹೆಜ್ಜೆ ಮುಂದೆ ಬಂದ.

"ಅಂದ್ರೆ ಮೇಷ್ಟ್ರೇ, ಇವು ಹದಿನಾಲ್ಕಕ್ಕೂ ಅಪ್ಪ ಒಬ್ನೇ ಅಂತೀರಾ?"

"ಹೌದು."

"ಅದೂ ನಿಮ್ ಕಡೆಯೋನು?"

"ಹೌದು."

"ಹದಿನಾಲ್ಕು ಮನೇಲಿ ಒಬ್ಬಂದೇ ಸಂಸಾರ! ನಮ್ಮೂರಿಗೆ ಇದೇನ್ ಹೊಸದಾ ಬಿಡಿ!"

ನಗು ಹೇಗೆ ಹೊಡೆಯಿತೆಂದರೆ ಮೂರು ಬತ್ತಿ ಆರಿದವು. ಎಲಿಯೇಸರ್ ಕೂಡ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು. ಇಷ್ಟೇನಾ, ಇಷ್ಟು ಸುಲಭವಾ ಎಂದು ಎದೆ ಹಗುರಾಯಿತು. ಒಳ್ಳೆಯ ಜನ. ಬೆಳಿಗ್ಗೆಯಿಂದ ಸುಮ್ಮನೆ ಬೆವರಿದೆ. ತಪ್ಪೊಪ್ಪಿಕೊಂಡವನಿಗೆ ಒಂದು ಬಗೆಯ ಕಳೆ ಬರುತ್ತದೆ. ಆ ಕಳೆ ತನ್ನ ಮುಖದ ಮೇಲೂ ಬಂದಿರಬೇಕು ಅನ್ನಿಸಿತು. ಆಗ ಕಣ್ಣಿಗೆ ಬಿದ್ದವಳು ಯುಲಿಯಾನಾ. ಅವಳು ನಗುತ್ತಿರಲಿಲ್ಲ. ತನ್ನ ಚೀಲದಿಂದ ಪ್ರಯೋಗದ ನೋಟುಪುಸ್ತಕ ತೆಗೆದು, ಹಾಳೆ ಮಗುಚಿ, ತೆರೆದು, ಬಿಳಿ ಬಟ್ಟೆಯ ಮೇಲೆ ಅವನ ಮುಂದಿಟ್ಟಳು.

"ಇದನ್ನ ಓದಿ ಮೇಷ್ಟ್ರೇ."

ಅಕ್ಟೋಬರ್ ಒಂಬತ್ತರ ಹಾಳೆ. ಗುಂಡಗಿನ ನೀಲಿ ಅಕ್ಷರ. ಅವನು ಗಟ್ಟಿಯಾಗಿ ಓದತೊಡಗಿದ. ಇಪ್ಪತ್ತೆರಡು ವರ್ಷದ ಅಭ್ಯಾಸ, ಹಾಳೆ ಕಂಡರೆ ಗಟ್ಟಿಯಾಗಿಯೇ ಓದುವುದು. "'ಕಳೆದ ವಾರ ಮಣ್ಣು ಹಾಕದೆ, ದೊಡ್ಡ ಸೀಸೆಯ ಉಪ್ಪುನೀರನ್ನಷ್ಟೇ ಹಾಕಿ ನೋಡಿದೆ. ತೂತುಗಳು ಬಂದವು. ಎರಡನೆಯ ಸಲವೂ ಬಂದವು. ಮೂರನೆಯ ಸಲವೂ. ತೊಂದರೆ ಸೀಸೆಯಲ್ಲೇ ಇರಬಹುದೇ?'" ಅವನ ದನಿ ತಗ್ಗಿತು. ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಸಾಲಿತ್ತು. ಓದುವ ಮೊದಲೇ ಅಕ್ಷರ ಯಾರದೆಂದು ಗೊತ್ತಾಯಿತು. ಬರೆದ ನೆನಪು ಮಾತ್ರ ಒಂದಿಷ್ಟೂ ಇರಲಿಲ್ಲ. ಯಾವುದೋ ಭಾನುವಾರ, ಪಕ್ಕದಲ್ಲಿ ರೇಡಿಯೋದಲ್ಲಿ ಫುಟ್‌ಬಾಲ್, ಮುಂದೆ ಹದಿನಾಲ್ಕು ಪುಸ್ತಕಗಳ ರಾಶಿ. ನಿಲ್ಲಿಸಿಬಿಡಬಹುದಿತ್ತು. ಎಲ್ಲರೂ ಕಾಯುತ್ತಿದ್ದರು.

"'ಸೀಸೆ ಸರಿಯಾಗಿದೆ. ನಿಮ್ಮ ಕೈ ಸರಿಯಾಗಿ ತೊಳೆದುಕೊಳ್ಳಿ. ಶುಚಿತ್ವಕ್ಕೆ ಅರ್ಧ ಅಂಕ ಕಡಿತ.'"

ಈ ಸಲ ಯಾರೂ ನಗಲಿಲ್ಲ. ಆರಿಹೋದ ಕಡ್ಡಿಯನ್ನು ಇನ್ನೂ ಹಿಡಿದೇ ನಿಂತಿದ್ದ ಎರ್ಮೆಲಿಂದಾ ಅಜ್ಜಿ ಮೊಮ್ಮಗಳ ಕಡೆ ತಿರುಗಿದಳು.

"ಅದಕ್ಕೇನೇ ನೀನು ಹಂಗೆ ತೊಳೀತಿದ್ದಿದ್ದು?" ಆಮೇಲೆ ಅವನಿಗೆ, "ತೊಳೆದ್ಲು ಮೇಷ್ಟ್ರೇ. ಬಟ್ಟೆ ಒಗಿಯೋ ಸೋಪಲ್ಲಿ, ದಿನಾ ಬೆಳಿಗ್ಗೆ, ಮೊಣಕೈವರ್ಗೂ. ಚರ್ಮ ಸುಲಿದು ಹೋಯ್ತು. ನಾನು ಇವ್ಳಿಗೇನೋ ಕಾಯಿಲೆ ಬಂದಿದೆ ಅಂತ ಮುಲಾಮು ತಂದ್ಕೊಟ್ಟೆ. ಕೇಳಿದ್ರೆ, ನನ್ ಕೈಯೇ ಸರಿಯಿಲ್ಲ ಅಜ್ಜಿ ಅನ್ನೋಳು."

"ನಾನೂ ಅನ್ಕೋತಿದ್ದೆ," ಅಂದಳು ನೂಬಿಯಮ್ಮ ಮೆಲ್ಲಗೆ, "ಇಲ್ಲಿ ಸೋಪು ಯಾಕೆ ವಾರಕ್ಕೊಂದು ಖಾಲಿ ಆಗ್ತಿದೆ ಅಂತ."

ಯುಲಿಯಾನಾ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. ಎಲಿಯೇಸರನಿಗೆ ಆ ಕೈ ನೋಡುವ ಧೈರ್ಯವಾಗಲಿಲ್ಲ, ನೋಡದೆ ಇರುವುದೂ ಆಗಲಿಲ್ಲ. ಈ ಹುಡುಗಿ ತನ್ನ ಕಣ್ಣಾರೆ ಮೂರು ಸಲ ಕಂಡ ಸತ್ಯವನ್ನು ಬಿಟ್ಟು, ಅವನ ಕೆಂಪು ಶಾಯಿಯನ್ನು ನಂಬಿ, ಒಂದೂವರೆ ತಿಂಗಳು ನಿರಪರಾಧಿ ಕೈಗಳನ್ನು ಉಜ್ಜಿದ್ದಳು. ಅವನು ಕಲಿಸಬೇಕೆಂದುಕೊಂಡಿದ್ದ ಪಾಠವನ್ನು ಅವಳು ಒಬ್ಬಳೇ ಕಲಿತಿದ್ದಳು, ಅವನು ಅದನ್ನು ಎರಡೇ ಸಾಲಿನಲ್ಲಿ ಅಳಿಸಿಹಾಕಿದ್ದ. ಅಳು ಬಂದೀತೆಂದು ಹೆದರಿ, ತರಗತಿಯಲ್ಲಿ ಮಾತಾಡುವ ದನಿಯಲ್ಲೇ ಮಾತಾಡಿದ.

"ಅಜ್ಜಿ, ಈ ವರ್ಷ ಈ ಕೋಣೇಲಿ ಒಂದೇ ಒಂದು ನಿಜವಾದ ಶೋಧನೆ ಆಗಿದೆ. ಅದನ್ನ ಮಾಡಿದೋಳು ನಿಮ್ಮ ಮೊಮ್ಮಗಳು."

"ಹೌದಾ?" ಅಜ್ಜಿಯ ಮುಖ ಅನುಮಾನದಿಂದಲೇ ಅರಳಿತು. "ಏನು ಕಂಡ್ಹಿಡಿದ್ಲು?"

"ನನ್ನನ್ನ."

ಅಜ್ಜಿ ಅವನನ್ನು ಸ್ವಲ್ಪ ಹೊತ್ತು ನೋಡಿದಳು. ಕಂಡುಹಿಡಿಯುವಂಥದ್ದು ಅಲ್ಲೇನೂ ಕಾಣಿಸಲಿಲ್ಲವೋ ಏನೋ, ಮೊಮ್ಮಗಳನ್ನು ನೋಡಿದಳು. ಯುಲಿಯಾನಾ ಬೆನ್ನ ಹಿಂದಿನಿಂದ ಒಂದು ಕೈ ತೆಗೆದು, ಕೆಂಪಗೆ ಬಿರುಕುಬಿಟ್ಟ ಬೆರಳಿನಿಂದ, ಪುಸ್ತಕವನ್ನು ಅವನ ಕಡೆಗೆ ಇನ್ನೊಂದು ಚೂರು ಸರಿಸಿದಳು.

"ಆ ಅರ್ಧ ಅಂಕ, ಮೇಷ್ಟ್ರೇ" ಅಂದಳು.